ತೋಟದ ಮನೆಯಲ್ಲಿ ಪ್ರವಾಸಿಗರಿಗೆ ಕೋಣೆ: ಕಟ್ಟುವ ಮುನ್ನ ಲೆಕ್ಕ ಹಾಕಿರಿ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ರೈತರಿಗೆ ತೆಂಗು, ಅಡಿಕೆ, ಭತ್ತ ಹಾಗೂ ವೀಳ್ಯದೆಲೆ ಬಹುಕಾಲದ ಜೀವನಾಧಾರ. ಈಗ ಇವುಗಳ ಜೊತೆಗೆ ಇನ್ನೊಂದು ಆದಾಯದ ಮಾತು ಊರೂರಿನಲ್ಲಿ ಕೇಳಿಬರುತ್ತಿದೆ. ಅದೆಂದರೆ ಪ್ರವಾಸಿಗರಿಗೆ ದಿನದ ಬಾಡಿಗೆಯ ಮೇಲೆ ಕೋಣೆ ಕೊಡುವುದು, ಅಂದರೆ ‘ಹೋಂ ಸ್ಟೇ’. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ದೂರದ ಊರಿನವರಿಗೂ ಈ ಕರಾವಳಿ ಹತ್ತಿರವಾಯಿತು. ಮುರ್ಡೇಶ್ವರದ ದೇವಾಲಯ, ಗೋಕರ್ಣದ ಕಡಲತೀರಗಳು, ಯಾಣದ ಬಂಡೆಗಳು ಮತ್ತು ಮಿರ್ಜಾನ ಕೋಟೆಯನ್ನು ನೋಡಲು ಜನ ಬರುತ್ತಾರೆ. ಹೊನ್ನಾವರದ ಕಾಸರಕೋಡ ತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು.

ನೆರೆಯವರು ನಾಲ್ಕು ಕೋಣೆ ಕಟ್ಟಿದ್ದನ್ನು ನೋಡಿ ನಿಮಗೂ ಆಸೆ ಹುಟ್ಟುವುದು ಸಹಜ. ಆದರೆ ತೋಟವನ್ನು ಒತ್ತೆಯಿಟ್ಟು ಕಟ್ಟಡ ಎಬ್ಬಿಸುವ ಮುನ್ನ ಕೆಲವು ಸಂಗತಿಗಳನ್ನು ಮನೆಯವರೆಲ್ಲ ಕೂಡಿ ಯೋಚಿಸಬೇಕು. ಈ ಆದಾಯವನ್ನು ತೋಟದ ಅಂತರಬೆಳೆಯಂತೆ ಕಾಣಿರಿ. ಅಂತರಬೆಳೆ ಎಷ್ಟೇ ಚೆನ್ನಾಗಿದ್ದರೂ ಮುಖ್ಯ ಬೆಳೆಯ ನೀರು ಗೊಬ್ಬರವನ್ನು ಕಸಿಯಬಾರದಷ್ಟೆ.

ಆದಾಯ ಎಷ್ಟು ದಿನ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಕಡಲಿನ ಅಬ್ಬರದಿಂದ ತೀರದ ಪ್ರವಾಸ ಬಹುಮಟ್ಟಿಗೆ ನಿಲ್ಲುತ್ತದೆ. ಉಳಿದ ಎಂಟು ತಿಂಗಳಲ್ಲಿಯೂ ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ಮಾತ್ರ ಕೋಣೆಗಳು ತುಂಬುವುದುಂಟು. ಆದುದರಿಂದ ವರ್ಷಕ್ಕೆ 80 ದಿನ ಮಾತ್ರ ಕೋಣೆ ತುಂಬುತ್ತದೆಂದು ಇಟ್ಟುಕೊಂಡು ಒಂದು ಲೆಕ್ಕ ನೋಡೋಣ.

ಒಬ್ಬ ರೈತರು 10 ಲಕ್ಷ ರೂಪಾಯಿ ಸಾಲ ಪಡೆದು ಎರಡು ಹೊಸ ಕೋಣೆ ಕಟ್ಟುತ್ತಾರೆ ಎಂದುಕೊಳ್ಳಿ. ಶೇಕಡಾ 10ರ ಬಡ್ಡಿ, 10 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ವರ್ಷಕ್ಕೆ 1,58,000 ರೂಪಾಯಿಗೂ ಹೆಚ್ಚು. ಕೋಣೆಯೊಂದಕ್ಕೆ ದಿನಕ್ಕೆ 1,500 ರೂಪಾಯಿಯಂತೆ 80 ದಿನಕ್ಕೆ ಎರಡು ಕೋಣೆಗಳಿಂದ ಬರುವುದು 2,40,000 ರೂಪಾಯಿ. ತಿಂಡಿ, ವಿದ್ಯುತ್ತು, ಬಟ್ಟೆ ಒಗೆತ, ದುರಸ್ತಿ, ದಲ್ಲಾಳಿ ಇವಕ್ಕೆ ಶೇಕಡಾ 40 ಕಳೆದರೆ ಉಳಿಯುವುದು 1,44,000 ರೂಪಾಯಿ. ಅಂದರೆ ಸಾಲದ ಕಂತಿಗೇ ಸಾಲದು!

ಇನ್ನೊಬ್ಬರು ಇದ್ದ ಮನೆಯ ಎರಡು ಕೋಣೆಗಳ ಹಂಚು ಸರಿಪಡಿಸಿ, ಶೌಚಾಲಯ, ಬಚ್ಚಲು ಕಟ್ಟಿಸಲು 2 ಲಕ್ಷ ರೂಪಾಯಿ ಮಾತ್ರ ಸಾಲ ಪಡೆಯುತ್ತಾರೆ. ಬಾಡಿಗೆ 1,000 ರೂಪಾಯಿಯೇ ಇರಲಿ. 1,60,000 ರೂಪಾಯಿ ಬಂದು, ಖರ್ಚು 64,000 ರೂಪಾಯಿ ಮತ್ತು ಕಂತು ಸುಮಾರು 32,000 ರೂಪಾಯಿ ಕಳೆದರೂ 64,000 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಊರಿನ ದರಗಳನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಿರಿ.

ಒಂದು ವರ್ಷ ಜನರೇ ಬಾರದಿದ್ದರೆ ಏನೆಂಬುದನ್ನೂ ಯೋಚಿಸಿರಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದು ಬೇಸಿಗೆಯ ಪ್ರವಾಸವೆಲ್ಲ ನಿಂತಿತು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟಾಗ ಆ ತೀರಕ್ಕೆ ಕೆಲಕಾಲ ಪ್ರವೇಶ ನಿಷೇಧಿಸಲಾಯಿತು. ಪ್ರವಾಸಿಗರು ಬಾರದಿದ್ದರೂ ಸಾಲದ ಕಂತು ತಪ್ಪುವುದಿಲ್ಲ. ಆಗ ಕೈಹಿಡಿಯುವುದು ತೋಟವೇ.

ಬಾವಿಯ ನೀರು

ಪ್ರವಾಸಿಗರು ಹೆಚ್ಚು ಬರುವ ಬೇಸಿಗೆಯಲ್ಲಿಯೇ ತೋಟಕ್ಕೂ ನೀರು ಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಆರು ಅತಿಥಿಗಳಿಗೆ 810 ಲೀಟರ್ ನೀರು ಬೇಕಾಗುತ್ತದೆ. ಹನಿ ನೀರಾವರಿಯಲ್ಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ 50ರಿಂದ 60 ಲೀಟರ್ ಎಂದು ಹಿಡಿದರೆ, ಇದು ಸುಮಾರು ಹದಿನೈದು ಮರಗಳ ನೀರು. ಕಡಲಿಗೆ ಹತ್ತಿರದ ಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ. ಒಮ್ಮೆ ಉಪ್ಪಾದ ಬಾವಿ ಬೇಗ ಸರಿಯಾಗುವುದಿಲ್ಲ. ಆದುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ನೀರನ್ನು ಪರೀಕ್ಷಿಸಿ, ಅದು ತಾಳುವಷ್ಟೇ ಅತಿಥಿಗಳನ್ನು ಇರಿಸಿಕೊಳ್ಳಿರಿ. ಮಾಡಿನ ಮಳೆನೀರನ್ನು ಇಂಗಿಸಿರಿ. ಬಚ್ಚಲ ನೀರನ್ನು ಬಾಳೆ ಅಥವಾ ತೆಂಗಿನ ಬುಡಕ್ಕೆ ಹಾಯಿಸಬಹುದು. ಶೌಚಾಲಯದ ಗುಂಡಿಯನ್ನು ಬಾವಿಯಿಂದ ಸಾಧ್ಯವಾದಷ್ಟು ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿ ತೆಗೆಯಿಸತಕ್ಕದ್ದು.

ಕಾಯಿದೆಯ ವಿಷಯ

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಹೊಸ ರೂಪ ಪಡೆಯಿತು. ಜನದಟ್ಟಣೆ ಕಡಿಮೆಯಿರುವ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಪ್ರವಾಸಿಗರಿಗೆಂದು ಹೊಸ ಪಕ್ಕಾ ವಸತಿಗೃಹ ಕಟ್ಟುವಂತಿಲ್ಲ. ಉಬ್ಬರದ ನೀರು ಏರುವ ಶರಾವತಿ, ಅಘನಾಶಿನಿ ದಂಡೆಗಳಿಗೂ ನಿರ್ಬಂಧಗಳಿವೆ. ಅಧಿಕೃತವಾಗಿ ಇರುವ ಮನೆಯನ್ನು ಅದರ ತಳವಿಸ್ತಾರ ಹೆಚ್ಚಿಸದೆ ದುರಸ್ತಿ ಮಾಡಿಕೊಳ್ಳಲು ಅವಕಾಶವಿದೆ. ಬೇಸಾಯದ ಜಮೀನಿನಲ್ಲಿ ಬಾಡಿಗೆಗೆಂದೇ ಕಟ್ಟುವುದಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಗ್ರಾಮ ಪಂಚಾಯತಿ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿ, ನೋಂದಣಿ ಮಾಡಿಸಿದ ಮೇಲೆಯೇ ಅತಿಥಿಗಳನ್ನು ಇರಿಸಿಕೊಳ್ಳಿರಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ವರದಿ ಕೊಡಬೇಕು.

ಜಮೀನು ಕೈಬಿಡದಿರಿ

2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಯಿತು. ಇದರಿಂದ ತೀರದ ಜಮೀನಿಗೆ ಹೊರಗಿನ ಹಣವಂತರು ಬರುವ ದಾರಿ ಸಲೀಸಾಯಿತು. ನಮ್ಮ ಜಿಲ್ಲೆಯ ಅನೇಕ ಕುಟುಂಬಗಳಿಗೆ ಗೇಣಿಯ ಜಮೀನು ಸ್ವಂತದ್ದಾದದ್ದು 1974ರ ತಿದ್ದುಪಡಿಯಿಂದ. ಹಿರಿಯರು ಅರ್ಜಿ ಹಿಡಿದು ಅಲೆದು ಪಡೆದ ಭೂಮಿ ಅದು. ಅದನ್ನು ಒಮ್ಮೆ ಮಾರಿದರೆ ಅದೇ ಊರಿನಲ್ಲಿ ಮತ್ತೆ ಕೊಳ್ಳುವುದು ದುಸ್ತರ. ದೀರ್ಘಾವಧಿಯ ಗುತ್ತಿಗೆಗೆ ಕೊಡುವ ಮೊದಲೂ ಕರಾರನ್ನು ತಿಳಿದವರಿಗೆ ತೋರಿಸಿ, ಬಾವಿ ಮತ್ತು ದಾರಿಯ ಹಕ್ಕು ನಿಮ್ಮಲ್ಲಿಯೇ ಉಳಿಯುವಂತೆ ಬರೆಯಿಸಿಕೊಳ್ಳಿರಿ.

ತೋಟದ ಬೆಳೆಯೇ ಬಂಡವಾಳ

ಅತಿಥಿಗಳು ಪೇಟೆಯಲ್ಲಿ ಸಿಗದದ್ದನ್ನು ಬಯಸುತ್ತಾರೆ. ಅಘನಾಶಿನಿ ಗಜನಿಯ ಕಗ್ಗ ಭತ್ತದ ಗಂಜಿ, ಮುರುಗಲು ಪಾನಕ, ಎಳನೀರು, ಕುಮಟಾದ ಸಿಹಿ ಈರುಳ್ಳಿ ಇವನ್ನು ಬಡಿಸಿರಿ, ಹೊರಡುವಾಗ ಮಾರಿರಿ. ದಲ್ಲಾಳಿಯಿಲ್ಲದೆ ಮಾರಿದ ಬೆಳೆಗೆ ಒಳ್ಳೆಯ ಬೆಲೆ ಸಿಗುತ್ತದೆ. ಮನೆಯ ಹೆಣ್ಣುಮಕ್ಕಳ ಮೇಲೆ ಅಡಿಗೆ, ಸ್ವಚ್ಛತೆಯ ಕೆಲಸ ಹೆಚ್ಚುವುದರಿಂದ ಅವರ ಒಪ್ಪಿಗೆ ಪಡೆದು, ಅವರ ಪಾಲಿನ ಹಣವನ್ನು ಅವರ ಹೆಸರಿನಲ್ಲಿಯೇ ಜಮಾ ಮಾಡಿರಿ.

ರೈತ ಬಾಂಧವರೇ, ಮೊದಲು ಒಂದೇ ಕೋಣೆಯಿಂದ ಆರಂಭಿಸಿರಿ. ಎರಡು ಹಂಗಾಮಿನ ಜಮಾ ಖರ್ಚನ್ನು ಬರೆದಿಟ್ಟು, ಲಾಭ ಕಂಡಲ್ಲಿ ಎರಡನೆಯದನ್ನು ಸಿದ್ಧಪಡಿಸಿರಿ.