ಮರಳಿ ಬರುವ ಬಾಯಿಹುಣ್ಣು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ಯಾರಿಗಾದರೂ ಬಾಯಿಹುಣ್ಣಾದರೆ ಮೊದಲು ಕೇಳಿಬರುವ ಮಾತು 'ಮೈ ಉಷ್ಣವಾಗಿದೆ' ಎಂಬುದು. ಒಂದೆಲಗದ ತಂಬುಳಿ, ತುಪ್ಪ, ಮಜ್ಜಿಗೆಗಳ ಉಪಚಾರ ನಡೆಯುತ್ತದೆ. ವಾರ, ಹತ್ತು ದಿನಗಳಲ್ಲಿ ಹುಣ್ಣು ಮಾಯುತ್ತದೆ. ತಂಬುಳಿಯಿಂದ ಉರಿ ತಣಿಯುವುದು ನಿಜವೇ. ಆದರೆ ಸಾಮಾನ್ಯ ಹುಣ್ಣು ಉಪಚಾರವಿಲ್ಲದೆಯೂ ಅಷ್ಟೇ ಅವಧಿಯಲ್ಲಿ ಮಾಯುವಂಥದು. ತಿಂಗಳಿಗೊಮ್ಮೆ ಮರಳಿ ಬರುವ ಹುಣ್ಣಿನ ಕಾರಣವನ್ನು ಬೇರೆಡೆ ಅರಸಬೇಕಾಗುತ್ತದೆ.

ತುಟಿ, ಕೆನ್ನೆಗಳ ಒಳಮೈಯಲ್ಲಿ, ನಾಲಗೆಯ ಅಡಿಯಲ್ಲಿ ಏಳುವ ಈ ಹುಣ್ಣಿಗೆ ನಡುವೆ ಹಳದಿಬಿಳುಪು, ಸುತ್ತ ಕೆಂಪು. ಇದು ಅಂಟುಜಾಡ್ಯವಲ್ಲ, ವಂಶದಲ್ಲಿ ಹರಿದುಬರುವುದುಂಟು. ನಿದ್ದೆಗೇಡು, ಪರೀಕ್ಷೆಯ ಕಳವಳ, ಹಲ್ಲಿನ ಮೊನಚು ಇದನ್ನು ಕೆರಳಿಸುತ್ತವೆ.

ಆಹಾರದ ಕೊರತೆ ಇನ್ನೊಂದು ಮುಖ್ಯ ಕಾರಣ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಇವುಗಳಲ್ಲಿ ಯಾವುದು ಕಡಿಮೆಯಾದರೂ ಬಾಯಿಯ ತೆಳುಪೊರೆ ಸೊರಗುತ್ತದೆ. ಬಿ12 ಸೊಪ್ಪು, ಕಾಳುಗಳಲ್ಲಿಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು ಮೊಸರುಗಳಿಂದಲೇ. ಹಾಲೆಲ್ಲ ಕಾಫಿಗೇ ಮುಗಿಯುವ ಮನೆಯಲ್ಲಿ ಮಕ್ಕಳ ಪಾಲಿಗೆ ಉಳಿಯುವುದೆಷ್ಟು? ಊಟವಾದ ಕೂಡಲೇ ಕುಡಿಯುವ ಕಾಫಿಯು ಸೊಪ್ಪಿನಲ್ಲಿರುವ ಕಬ್ಬಿಣ ಮೈಗೂಡದಂತೆ ತಡೆಯುತ್ತದೆ. ನಿಂಬೆರಸ ಅದಕ್ಕೆ ನೆರವಾಗುತ್ತದೆ. ತೇವದ ತೋಟದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ತಗಲುವ ಕೊಕ್ಕೆಹುಳುವೂ ರಕ್ತಹೀನತೆಗೆ ಕಾರಣವಾಗುವುದುಂಟು. ಇಂಥ ಕೊರತೆಯನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಊಹೆಯಿಂದ ಗುಳಿಗೆ ನುಂಗುವುದು ಸಲ್ಲದು.

ಇಷ್ಟರಲ್ಲಿ ಭಯಪಡತಕ್ಕದ್ದೇನೂ ಇಲ್ಲ. ಭಯವಿರುವುದು ಬೇರೊಂದು ಬಗೆಯ ಹುಣ್ಣಿನಲ್ಲಿ. ಅಡಕೆಯೇ ಜೀವನಾಧಾರವಾದ ಈ ಸೀಮೆಯಲ್ಲಿ ಹೇಳಲು ಕಷ್ಟವಾದ ಮಾತಾದರೂ ಹೇಳಲೇಬೇಕು: ಹೊಗೆಸೊಪ್ಪು ಬೆರೆಸದ ಅಡಕೆಯನ್ನು ಜಗಿಯುವುದೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರ್ಣಯಿಸಿದೆ. ಬಹುಕಾಲ ಅಡಕೆ ಜಗಿದವರ ಕೆನ್ನೆಯ ಒಳಮೈ ಬಿರುಸಾಗಿ, ಖಾರ ತಾಳದಾಗಿ, ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗಬಹುದು. ಇದನ್ನೂ 'ಉಷ್ಣ'ವೆಂದು ತಂಬುಳಿಯಲ್ಲೇ ಕಾಲ ಕಳೆಯುವುದು ಅಪಾಯಕರ.

ಸಾಮಾನ್ಯ ಹುಣ್ಣು ನೋಯುತ್ತದೆ, ಜಾಗ ಬದಲಿಸುತ್ತದೆ, ಮಾಯುತ್ತದೆ. ಕ್ಯಾನ್ಸರಿನ ಹುಣ್ಣು ಆರಂಭದಲ್ಲಿ ಅನೇಕ ವೇಳೆ ನೋಯುವುದಿಲ್ಲ. ಒಂದೇ ಜಾಗದಲ್ಲಿ ನೆಲೆಸಿ, ಅಂಚು ಗಟ್ಟಿಯಾಗುತ್ತದೆ. ನೋವಿಲ್ಲವೆಂಬುದೇ ಸಮಾಧಾನವಾಗಬಾರದು. ಮೂರು ವಾರ ಕಳೆದರೂ ಮಾಯದ ಹುಣ್ಣನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಸಂಶಯವಿದ್ದಲ್ಲಿ ವೈದ್ಯರು ಹುಣ್ಣಿನಿಂದ ಒಂದು ಚೂರನ್ನು ತೆಗೆಸಿ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುತ್ತಾರೆ.