ಟೂಲ್ ನಡೆಯುವ ದಾರಿ

ಹೆಲಿಕಾಪ್ಟರ್ ಬ್ಲೇಡಿನ ಬಾಗು ಕರಾರುವಾಕ್ಕಾಗಿ ಬರಲೆಂದು ಅಮೆರಿಕದ ಜಾನ್ ಪಾರ್ಸನ್ಸ್ ಬಿಂದುಬಿಂದುವನ್ನೂ ಲೆಕ್ಕ ಹಾಕಿಸಿದರು. ಆ ವಿಚಾರ ಬೆಳೆದು, 1952ರಲ್ಲಿ ಎಂಐಟಿಯ ಮಿಲ್ಲಿಂಗ್ ಯಂತ್ರವೊಂದು ತೂತು ಕೊರೆದ ಪಟ್ಟಿಯನ್ನು ಓದಿ ತಾನೇ ಲೋಹ ಕತ್ತರಿಸಿತು. ಆಗ ಟೂಲಿನ ದಾರಿ ತಪ್ಪಿದ್ದರೆ ಪಟ್ಟಿಯನ್ನೇ ಮತ್ತೆ ಕೊರೆಯಬೇಕಿತ್ತು.

ಇಂದು ಆ ದಾರಿಯನ್ನು ಕಂಪ್ಯೂಟರ್ ಪರದೆಯ ಮೇಲೆಯೇ ತಿದ್ದಬಹುದು. ತಿದ್ದುವುದು ಸುಲಭವಾಯಿತು, ಹೊಣೆ ಮಾತ್ರ ಹಗುರವಾಗಿಲ್ಲ. 'ಜಿ 0' ಎಂದರೆ ಕತ್ತರಿಸದೆ ಪೂರ್ಣ ವೇಗದಲ್ಲಿ ಓಡು. 'ಜಿ 1' ಎಂದರೆ ಹೇಳಿದ ವೇಗದಲ್ಲಿ ಕತ್ತರಿಸು. ಈ ಒಂದಂಕಿ ಅದಲುಬದಲಾದರೆ ಟೂಲ್ ಲೋಹಕ್ಕೆ ಬಡಿದು ಮುರಿದೀತು.

ಕ್ಲ್ಯಾಂಪ್ ಎಲ್ಲಿದೆಯೆಂದು ಹೇಳದಿದ್ದರೆ ತಂತ್ರಾಂಶಕ್ಕೆ ತಿಳಿಯದು; ಯಂತ್ರದ ಮುಂದೆ ನಿಂತ ಕಾರ್ಮಿಕನಿಗೆ ಅದು ಕಣ್ಣೆದುರೇ ಕಾಣುತ್ತದೆ. ಪರದೆಯ ಮೇಲೆ ತಿದ್ದಿದ ದಾರಿಯನ್ನು ಅವನಿಗೂ ಒಮ್ಮೆ ತೋರಿಸುವುದು ಲೇಸು.