ಟೀಚರಿಗೆ ವರ್ಗಾವಣೆ ಆದ್ರೆ ಪಾಠ ಎಲ್ಲಿಗೆ ಹೋಗ್ತದೆ?

ಬಸ್ಸಲ್ಲಿ ಇಯರ್‌ಫೋನ್ ಹಾಕಿ ಕೇಳ್ತಾ ಇರುವವರಿಗೂ, ಇಲ್ಲಿ ಓದ್ತಾ ಇರುವವರಿಗೂ ಮೊದಲು ಒಂದು ನೆನಪು ಹೇಳ್ತೇನೆ.

ನಾನು ಬಂಟ್ವಾಳ ತಾಲೂಕಿನ ಒಂದು ಹೈಸ್ಕೂಲಲ್ಲಿ ಓದಿದವಳು. ನದಿಗಳ ಪಾಠಕ್ಕೆ ಮೊದಲು ನಮ್ಮ ಸಮಾಜ ಟೀಚರ್ ಕೊಟ್ಟ ಹೋಂವರ್ಕ್ ಇದು: 1974ರ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ ಬನ್ನಿ. ಮರುದಿನ ಬೋರ್ಡ್ ಮೇಲೆ ಪೇಟೆಯ ನಕ್ಷೆ, ಅದರಲ್ಲಿ ನಾವು ಕೇಳಿ ತಂದ ಗುರುತುಗಳು. ನೇತ್ರಾವತಿ ನಮಗೆ ಅರ್ಥವಾದದ್ದು ಅವತ್ತು. ಮುಂದಿನ ವರ್ಷ ಟೀಚರಿಗೆ ವರ್ಗಾವಣೆ ಆಯ್ತು. ಅವರ ನೋಟ್‌ಬುಕ್ಕೂ ಹೋಯ್ತು. ನನ್ನ ತಮ್ಮನಿಗೆ ಸಿಕ್ಕಿದ್ದು ನದಿಗಳ ಹೆಸರಿನ ಪಟ್ಟಿ ಮಾತ್ರ. ಹೊಸ ಟೀಚರದ್ದು ತಪ್ಪಲ್ಲ, ಅಂಥದ್ದೊಂದು ಪಾಠ ಇತ್ತು ಅಂತಲೇ ಅವರಿಗೆ ಗೊತ್ತಿರ್ಲಿಲ್ಲ.

ಇದಕ್ಕೊಂದು ದಾರಿ ವಿಕಿ. ಹವಾಯಿ ಭಾಷೆಯಲ್ಲಿ ಈ ಪದಕ್ಕೆ 'ಬೇಗ' ಅಂತ ಅರ್ಥ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ಶುರು ಮಾಡಿದರು. ಓದುವವರೇ ಪುಟವನ್ನು ತಿದ್ದಬಹುದು ಅನ್ನುವುದೇ ಅದರ ವಿಶೇಷ.

ನಮ್ಮ ರಾಜ್ಯದ ಶಿಕ್ಷಕರಿಗೂ ಅಂಥದ್ದೊಂದು ಉಂಟು: ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ಚಿಕ್ಕದಾಗಿ ಕೆಓಇಆರ್. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ಶಿಕ್ಷಣ ಇಲಾಖೆಯ ಡಿಎಸ್ಇಆರ್‌ಟಿ ಸೇರಿ 2013ರಲ್ಲಿ ಇದನ್ನು ಶುರು ಮಾಡಿದವು. ವಿಕಿಪೀಡಿಯಕ್ಕೆ ಬಳಸುವ ಮೀಡಿಯಾವಿಕಿ ತಂತ್ರಾಂಶವೇ ಇಲ್ಲಿಯೂ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಂಥ ವಿಷಯಗಳ ಪುಟಗಳು ಕನ್ನಡದಲ್ಲೂ ಇಂಗ್ಲಿಷಲ್ಲೂ ಇವೆ. ಪಾಠದ ಪರಿಕಲ್ಪನಾ ನಕ್ಷೆ, ಚಟುವಟಿಕೆ, ಪ್ರಶ್ನೆಗಳು, ಗಣಿತಕ್ಕೆ ಜಿಯೋಜಿಬ್ರಾ ಕಡತಗಳು, ಹೀಗೆ.

'ವಾಟ್ಸ್ಆ್ಯಪ್ ಗ್ರೂಪ್ ಉಂಟಲ್ಲ?' ಅಂತ ಕೇಳ್ಬಹುದು. ವ್ಯತ್ಯಾಸ ನೋಡಿ. ಗ್ರೂಪಿಗೆ ಹಾಕಿದ ಪಿಡಿಎಫ್ ಎರಡೇ ದಿನಕ್ಕೆ ಗುಡ್ ಮಾರ್ನಿಂಗ್ ಫೋಟೋಗಳ ಅಡಿಗೆ ಹೋಗ್ತದೆ. ಯಾರೋ ತಪ್ಪು ಸರಿ ಮಾಡಿ ಮತ್ತೆ ಕಳಿಸಿದ್ರೆ ಎರಡು ಫೈಲ್ ಆಯ್ತು. ಯಾವುದು ಸರಿ ಅಂತ ಯಾರಿಗೂ ಗೊತ್ತಿಲ್ಲ.

ವಿಕಿಯಲ್ಲಿ ಪುಟ ಒಂದೇ. ನಮ್ಮ ಟೀಚರ ನೆರೆ ಪಾಠ ಅಲ್ಲಿ ಇರ್ತಿದ್ರೆ ಏನಾಗ್ತಿತ್ತು ಅಂತ ಯೋಚಿಸಿ. ಬೆಳ್ತಂಗಡಿಯ ಒಬ್ಬರು ಅದಕ್ಕೆ ಘಟ್ಟದ ಮಳೆಯ ವಿಷಯ ಸೇರಿಸಬಹುದಿತ್ತು. ಅಲ್ಲಿ ಸುರಿದ ಮಳೆಯೇ ಅಲ್ವಾ ಕೆಳಗೆ ಬಂಟ್ವಾಳಕ್ಕೆ ಬರುವುದು. ಮೂಡಬಿದಿರೆಯವರು ಅದೇ ಚಟುವಟಿಕೆಯನ್ನು ತಮ್ಮ ಕಡೆಯ ಫಲ್ಗುಣಿ ನದಿಗೆ ಹೊಂದಿಸಿಕೊಳ್ಳಬಹುದಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪಠ್ಯಪುಸ್ತಕ ಇರುವಾಗ ಪ್ರತಿ ಊರಿನ ಹೊಳೆ ಅದರಲ್ಲಿ ಹಿಡಿಸುವುದಿಲ್ಲ. ಅದನ್ನು ಸೇರಿಸಬೇಕಾದವರು ಅಲ್ಲಿನ ಟೀಚರುಗಳೇ.

'ಯಾರಾದರೂ ಹಾಳು ಮಾಡಿದ್ರೆ?' ಪ್ರತಿ ಪುಟದ ಹಿಂದೆ ಇತಿಹಾಸ ಇರ್ತದೆ. ಯಾರು, ಯಾವಾಗ, ಏನು ಬದಲಿಸಿದರು ಅಂತ ಕಾಣ್ತದೆ, ಹಳೆಯ ರೂಪಕ್ಕೆ ಮರಳಲಿಕ್ಕೂ ಆಗ್ತದೆ. ಭಿನ್ನಾಭಿಪ್ರಾಯ ಇದ್ರೆ ಚರ್ಚೆ ಪುಟ ಉಂಟು. ಒಂದು ಎಚ್ಚರ ಮಾತ್ರ ಬೇಕು: ಗೈಡ್ ಪುಸ್ತಕದ ಪುಟಗಳನ್ನು ಫೋಟೋ ತೆಗೆದು ಹಾಕುವ ಹಾಗಿಲ್ಲ. ಸ್ವಂತದ್ದು ಇರ್ಬೇಕು, ಇಲ್ಲ ಮುಕ್ತ ಪರವಾನಗಿಯದ್ದು.

ನಿಜವಾದ ಅಡ್ಡಿ ತಂತ್ರಜ್ಞಾನ ಅಲ್ಲ. ಒಂದು, ಸಮಯ. ಇನ್ನೊಂದು, ಸಂಕೋಚ. ತಾನು ಬರೆದದ್ದನ್ನು ಇನ್ನೊಬ್ಬರು ಎಲ್ಲರೆದುರು ತಿದ್ದುವುದು ಯಾರಿಗೂ ಸುಲಭ ಅಲ್ಲ. 'ನನ್ನ ಪಾಠ ಅಷ್ಟು ದೊಡ್ಡದಾ?' ಅನ್ನುವುದೂ ಸಂಕೋಚವೇ.

ಈ ಸಂಚಿಕೆಗಾಗಿ ನಮ್ಮ ಟೀಚರಿಗೆ ಫೋನ್ ಮಾಡಿದೆ. ನೋಟ್‌ಬುಕ್ ಈಗ ಇಲ್ಲವಂತೆ. 'ಅದೆಲ್ಲ ಈಗ ಯಾರಿಗೆ ಬೇಕು ಮಾರಾಯ್ತಿ?' ಅಂದ್ರು. '1974ರ ನೆರೆ ನೋಡಿದವರು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಿದ್ದಾರೆ ಟೀಚರ್' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪೆನ್ ಉಂಟಾ? ಬರ್ಕೊ' ಅಂದ್ರು.

ಎರಡು ಪುಟ ಆಗಿದೆ. ನಿಮಗೂ ಇಂಥ ಟೀಚರ್ ಇದ್ರೆ ಇವತ್ತೇ ಒಂದು ಫೋನ್ ಮಾಡಿ. ಟೈಪ್ ಮಾಡುವ ಕೆಲಸ ನಿಮ್ಮದು. ಮುಂದಿನ ವಾರ ಸಿಗುವ.